ರಕಾರ ಮಹಾತ್ಮೆ

1776ರಲ್ಲಿ ಸ್ವಾತಂತ್ರ್ಯ ಘೋಷಿಸಿ ಬ್ರಿಟಿಷರಿಗೆ ಬಾಗಿಲು ತೋರಿಸಿದ ಅಮೆರಿಕಕ್ಕೆ, ಸಿನಿಮಾದಲ್ಲಿ ತನ್ನ ಮಹಾಪುರುಷರ ವೇಷ ಕಟ್ಟಲು ತನ್ನವರಿಂದಾಗದು ಎಂಬ ಸತ್ಯ ತಡವಾಗಿಯಾದರೂ ಹೊಳೆದದ್ದು ಸಂತೋಷ. ಲಿಂಕನ್ ಬೇಕಾದಾಗ ಲಂಡನ್ನಿನ ಡೇನಿಯಲ್ ಡೇ-ಲೂಯಿಸ್ ಬಂದರು. ಮಾರ್ಟಿನ್ ಲೂಥರ್ ಕಿಂಗ್ ಬೇಕಾದಾಗ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಡೇವಿಡ್ ಒಯೆಲೊವೊ. ಓಪನ್‌ಹೈಮರ್ ಬೇಕಾದಾಗ ಐರ್ಲೆಂಡಿನ ಕಿಲಿಯನ್ ಮರ್ಫಿ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೂವರನ್ನೂ ಬ್ರಿಟನ್ನೇ ಒದಗಿಸಿದ ಮೇಲೆ ಅಮೆರಿಕದ ರಕ್ಷಣೆಯ ಚಿಂತೆಯೂ ತೀರಿತು.

ಗುಟ್ಟೆಲ್ಲ ರಕಾರದ್ದು. ಲಂಡನ್ನಿನವರು 'ಕಾರ್' ಎನ್ನುವಾಗ ಕೊನೆಯ ರಕಾರವನ್ನು ನುಂಗಿಬಿಡುತ್ತಾರೆ. ಹಾಲಿವುಡ್ಡಿಗೆ ಹೊರಟವರು ನಾಲಿಗೆಯನ್ನು ಹಿಂದಕ್ಕೆಳೆದು ಅದನ್ನು ಮತ್ತೆ ಕಕ್ಕಬೇಕು. 'ವಾಟರ್' ಹೋಗಿ 'ವಾಡರ್' ಆಗಬೇಕು. ಐರಿಷರಿಗೆ ರಕಾರ ಹುಟ್ಟುಗುಣ. ಅವರ ಅರ್ಧ ವೀಸಾ ಬಾಯಲ್ಲೇ ಇದೆ. ಇಂಗ್ಲೆಂಡಿನ ನಟ ಹ್ಯೂ ಲಾರಿ 'ಹೌಸ್' ಧಾರಾವಾಹಿಯ ಪಾತ್ರಕ್ಕಾಗಿ ನಮೀಬಿಯಾದ ಹೋಟೆಲಿನ ಬಚ್ಚಲುಮನೆಯಲ್ಲಿ ಚಿತ್ರೀಕರಿಸಿ ಕಳಿಸಿದ ಟೇಪು ನೋಡಿ ನಿರ್ದೇಶಕ ಬ್ರಯಾನ್ ಸಿಂಗರ್, ತನಗೆ ಬೇಕಾದದ್ದು ಇಂಥ ಅಪ್ಪಟ ಅಮೆರಿಕನ್ನನೇ ಎಂದರಂತೆ. ಧಾರಾವಾಹಿಯ ಎಂಟೂ ಸೀಸನ್ ವೈದ್ಯನಾಗಿ ಲಾರಿ ರೋಗಿಗಳನ್ನು ಅಮೆರಿಕದ ಧಾಟಿಯಲ್ಲೇ ಗದರಿಸಿದರು. 'ಕರೋನರಿ ಆರ್ಟರಿ' ಎನ್ನುವಾಗ ಮಾತ್ರ ರೋಗಿಯ ಹೃದಯಕ್ಕಿಂತ ವೈದ್ಯರ ನಾಲಿಗೆಗೇ ಹೆಚ್ಚು ಅಪಾಯ.

ಈ ಕಲೆಯ ಶಿಖರ 'ದ ವೈರ್' ಧಾರಾವಾಹಿ. ಬಾಲ್ಟಿಮೋರಿನ ಪೊಲೀಸ್ ಮೆಕ್‌ನಲ್ಟಿ ಶೆಫೀಲ್ಡಿನ ಡಾಮಿನಿಕ್ ವೆಸ್ಟ್. ಮಾದಕವಸ್ತು ದಂಧೆಯ ಸ್ಟ್ರಿಂಗರ್ ಬೆಲ್ ಲಂಡನ್ನಿನ ಇಡ್ರಿಸ್ ಎಲ್ಬಾ. ಮೇಯರ್ ಡಬ್ಲಿನ್ನಿನ ಏಡನ್ ಗಿಲೆನ್. ಕಳ್ಳ, ಪೊಲೀಸ್, ಪುಢಾರಿ ಮೂವರೂ ಆಮದು, ಊರೊಂದು ಸ್ಥಳೀಯ. ಒಂದೆಡೆ ಮೆಕ್‌ನಲ್ಟಿ ವೇಶ್ಯಾಗೃಹದ ಬಣ್ಣ ಬಯಲು ಮಾಡಲು ಇಂಗ್ಲೆಂಡಿನ ಗಿರಾಕಿಯ ಸೋಗು ಹಾಕುತ್ತಾನೆ. ಅಪ್ಪಟ ಇಂಗ್ಲೆಂಡಿನವನೊಬ್ಬ ಅಮೆರಿಕನ್ನನಾಗಿ, ಆ ಅಮೆರಿಕನ್ ಇಂಗ್ಲೆಂಡಿನವನಾಗಲು ಹೆಣಗಿ, ತನ್ನ ಸ್ವಂತ ಮನೆಮಾತನ್ನು ಕಷ್ಟಪಟ್ಟು ಕೆಡಿಸುವುದೆಂದರೆ ಸಾಮಾನ್ಯವೇ! ಪರಕಾಯ ಪ್ರವೇಶ ಮಾಡಿದವರ ಕಥೆ ನಮ್ಮಲ್ಲೂ ಉಂಟು. ತನ್ನದೇ ಕಾಯಕ್ಕೆ ಪರಕೀಯನಾಗಿ ಮರಳಿದ ಮಹಾನುಭಾವ ಮಾತ್ರ ವೆಸ್ಟ್ ಒಬ್ಬರೇ ಇರಬೇಕು.

ಅಮೆರಿಕವೂ ಋಣ ಉಳಿಸಿಕೊಂಡಿಲ್ಲ. 1964ರ 'ಮೇರಿ ಪಾಪಿನ್ಸ್'ನಲ್ಲಿ ಡಿಕ್ ವ್ಯಾನ್ ಡೈಕ್ ಲಂಡನ್ನಿಗರಿಗೇ ಅವರ ಆಡುಮಾತು ಕಾಕ್ನಿಯನ್ನು ಆಡಿ ತೋರಿಸಿದರು. 2017ರಲ್ಲಿ ಬ್ರಿಟನ್ನಿನ ಚಲನಚಿತ್ರ ಅಕಾಡೆಮಿ ಬಾಫ್ಟಾ ಅವರಿಗೆ ಗೌರವ ಘೋಷಿಸಿದಾಗ, ಅವರು ಅದೇ ಕಾಕ್ನಿಗಾಗಿ ಕ್ಷಮೆ ಕೇಳಿದರು.

ಹಾಗೆಂದು ಅಮೆರಿಕದ ನಟರು ಎದೆಗುಂದಬೇಕಿಲ್ಲ. ಲಂಡನ್ನಿನ ಯಾವುದಾದರೂ ನಾಟಕಶಾಲೆ ಸೇರಿ ಮೊದಲು ರಕಾರವನ್ನು ಮರೆಯಲಿ, ಆಮೇಲೆ ಅದನ್ನೇ ಗುರುಮುಖೇನ ಕಲಿಯಲಿ. ಲಿಂಕನ್ ಪಾತ್ರ ಸಿಗದಿದ್ದರೂ ಲಿಂಕನ್ನರ ಗಾಡಿ ಹೊಡೆಯುವವನ ಪಾತ್ರಕ್ಕಾದರೂ ಕರೆ ಬಂದೀತು.