ಬೆರಳಚ್ಚು ಮೀಮಾಂಸೆ: ಹೊಸೂರು ಸೀಮೆಯ ವಾಣಿಜ್ಯ-ಗಣಕ ವಿದ್ಯೆಯ ಲಕ್ಷಣ ನಿರೂಪಣೆ

ಪ್ಲಸ್ ಟೂ ತರಗತಿಯ ವಾಣಿಜ್ಯ ಮತ್ತು ಗಣಕ ವಿದ್ಯೆಯನ್ನು ಶಾಸ್ತ್ರವೆಂದು ಅಂಗೀಕರಿಸಬೇಕೋ ಬರಿಯ ಹೊಟ್ಟೆಪಾಡೆಂದು ಬಿಡಬೇಕೋ ಎಂಬ ವಾದಕ್ಕೆ ಇಳಿಯುವ ಮುನ್ನ, ಆ ವಿದ್ಯೆಗೆ ಕ್ಷೇತ್ರವಾದ ಊರಿನ ಹೆಸರನ್ನು ಇತ್ಯರ್ಥಪಡಿಸಿಕೊಳ್ಳುವುದು ಪದ್ಧತಿ. ಹಳಗನ್ನಡದ ‘ಪೊಸ’ವು ಮುಂದೆ ‘ಹೊಸ’ವಾಗಿ, ಊರು ತಮಿಳುನಾಡಿನ ಪಾಲಿಗೆ ಬಂದ ಮೇಲೆ, ಹಕಾರವನ್ನು ಸ್ವಂತ ಮಗುವೆಂದು ಎಣಿಸದ ತಮಿಳು ಬರವಣಿಗೆಯಲ್ಲಿ ‘ಓಸೂರು’ ಎಂದು ನಿಂತಿತು. ಮೊದಲು ಪಕಾರ, ಆಮೇಲೆ ಹಕಾರ, ಕೊನೆಗೆ ಏನೂ ಇಲ್ಲ: ಇದಕ್ಕೆ ವಾಣಿಜ್ಯಶಾಸ್ತ್ರದಲ್ಲಿ ಸವಕಳಿ ಎಂದು ಹೆಸರು, ಅಂದರೆ ಬಳಸಿ ಬಳಸಿ ಆಸ್ತಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದು. ಪ್ರತಿವರ್ಷವೂ ಒಂದೇ ಮೊತ್ತವನ್ನು ಕಳೆಯುವುದು ಸರಳರೇಖಾ ವಿಧಾನ, ಉಳಿದ ಬೆಲೆಯ ಮೇಲೆ ಶೇಕಡಾವಾರು ಕಳೆಯುವುದು ಇಳಿಮುಖ ಶೇಷ ವಿಧಾನ. ಎರಡನೆಯದರಲ್ಲಿ ಎಷ್ಟು ವರ್ಷ ಕಳೆದರೂ ಬೆಲೆ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲವಾದ್ದರಿಂದ, ಹೊಸೂರಿನ ಮೊದಲ ವ್ಯಂಜನ ಸವೆದದ್ದು ಸರಳರೇಖಾ ವಿಧಾನದಲ್ಲಿಯೇ ಎಂಬುದು ನಿರ್ವಿವಾದ.

ಶಾಸ್ತ್ರವೆಂದ ಮೇಲೆ ಮೂಲಪುರುಷರೊಬ್ಬರು ಬೇಕು, ಅವರಿಗಾಗಿ ಬಹುದೂರ ಅಲೆಯಬೇಕಾಗಿಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಮದ್ರಾಸ್ ಪ್ರಾಂತದ ಆಡಳಿತ ವಹಿಸಿದ್ದಾಗ, 1939ರಲ್ಲಿ, ದೇಶದಲ್ಲೇ ಮೊದಲ ಬಾರಿಗೆ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದರು. ಲೆಕ್ಕ ಬರೆಯುವವನೊಬ್ಬ ಇಲ್ಲದೆ ಅಂಗಡಿ ನಡೆಯದು ಎಂಬ ಸ್ಥಿತಿ ಬಂದದ್ದರಲ್ಲಿ ಇದರ ಪಾಲೂ ಇರುವುದರಿಂದ, ವಾಣಿಜ್ಯ ವಿದ್ಯಾರ್ಥಿಗಳ ಉದ್ಯೋಗದಾತರ ಪಟ್ಟಿಯಲ್ಲಿ ಅವರದೇ ಅಗ್ರಸ್ಥಾನ. 1953ರಲ್ಲಿ ಅವರೇ, ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿದ್ದು ಮಿಕ್ಕ ಹೊತ್ತು ಮನೆಯ ಕಸುಬನ್ನು ಕಲಿಯಲಿ ಎಂಬ ಯೋಜನೆಯನ್ನು ತಂದಾಗ, ವಿರೋಧಿಗಳು ಅದನ್ನು ‘ಕುಲ ಕಲ್ವಿ’, ಅಂದರೆ ಜಾತಿಯ ಶಿಕ್ಷಣ, ಎಂದು ಕರೆದು ಎದ್ದು ನಿಂತರು. ಮರುವರ್ಷ ಕಾಮರಾಜರು ಮುಖ್ಯಮಂತ್ರಿಯಾಗುತ್ತಲೇ ಯೋಜನೆ ಮುಗಿಯಿತು. ವಿರೋಧ ನ್ಯಾಯವಾದದ್ದೇ. ಆದರೆ ತಮಿಳುನಾಡಿನಲ್ಲಿ ಹತ್ತರ ಮೇಲೆ ಎರಡು ವರ್ಷದ ವ್ಯವಸ್ಥೆ ಬಂದ 1978ರಲ್ಲಿ ಅದರೊಡನೆಯೇ ವೃತ್ತಿಪರ ವಿಭಾಗವೂ ಬಂದು, ಕಚೇರಿ ನಿರ್ವಹಣೆ, ಲೆಕ್ಕಪತ್ರ ಮತ್ತು ಲೆಕ್ಕ ಪರಿಶೋಧನೆ ಮೊದಲಾದವು ಪಠ್ಯವಾದಾಗ, ಯಾರಪ್ಪನ ಕುಲಕ್ಕೂ ಸೇರದ ಹೊಸದೊಂದು ಕುಲಕಸುಬು, ಗುಮಾಸ್ತಿಕೆ, ಸಕಲರಿಗೂ ಮುಕ್ತವಾಯಿತು.

ಈ ಕುಲದ ದೀಕ್ಷೆ ನಡೆಯುವುದು ಶಾಲೆಯಲ್ಲಲ್ಲ, ಅಂಗಡಿಯೊಂದರ ಮಹಡಿಯ ಮೇಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಸಾಲಾಗಿ ಕೂತ ಕಬ್ಬಿಣದ ಯಂತ್ರಗಳ ಮುಂದೆ ವಟು ಎಡಗೈ ಕಿರುಬೆರಳನ್ನು ‘ಎ’ ಮೇಲೆ, ಬಲಗೈ ಕಿರುಬೆರಳನ್ನು ಅರ್ಧವಿರಾಮದ ಮೇಲೆ ಇಟ್ಟು, ಯಾವ ಭಾಷೆಯಲ್ಲಿಯೂ ಅರ್ಥವಿಲ್ಲದ ‘ಎ ಎಸ್ ಡಿ ಎಫ್’ ಎಂಬ ಬೀಜಮಂತ್ರವನ್ನು ಹಾಳೆ ತುಂಬುವತನಕ ಜಪಿಸುತ್ತಾನೆ. ಬಡಿದದ್ದು ಮೆತ್ತಗಾದರೆ ಅಕ್ಷರ ಮಸಕು, ಜೋರಾದರೆ ‘ಓ’ ಕಾಗದವನ್ನು ಕೊರೆದು ಕಿಂಡಿ. ಸಾಲು ಮುಗಿಯುವ ಹೊತ್ತಿಗೆ ಯಂತ್ರ ತಾನಾಗಿ ಗಂಟೆ ಬಾರಿಸುವುದನ್ನು ನೋಡಿದರೆ ಇದು ಜಪವೇ ಎಂಬುದರಲ್ಲಿ ಸಂಶಯ ಉಳಿಯದು. ಸಿದ್ಧಿಯ ಮೆಟ್ಟಿಲುಗಳೂ ಉಂಟು: ಊರವರ ಬಾಯಲ್ಲಿ ‘ಲೋಯರ್’ ಎನಿಸಿಕೊಳ್ಳುವ ಕಿರಿಯ ದರ್ಜೆಗೆ ನಿಮಿಷಕ್ಕೆ 30 ಪದ, ‘ಹೈಯರ್’ ಎಂಬ ಹಿರಿಯ ದರ್ಜೆಗೆ 45. ಇಲ್ಲಿ ಪದವೆಂದರೆ ಅರ್ಥವುಳ್ಳ ಅಕ್ಷರಸಮೂಹ ಎಂಬ ವೈಯಾಕರಣರ ಮಾತು ನಡೆಯುವುದಿಲ್ಲ. ಐದು ಬಡಿತಕ್ಕೆ ಒಂದು ಪದ, ಖಾಲಿ ಜಾಗವೂ ಒಂದು ಬಡಿತ.

ಈ ವಿದ್ಯೆಯಲ್ಲಿ ಎರಡು ಪಂಥಗಳಿದ್ದು, ಪ್ರಬಂಧದ ಅನುಕೂಲಕ್ಕಾಗಿ ಅವನ್ನು ಲೋಹಪಂಥ ಮತ್ತು ಪರದೆಪಂಥ ಎಂದು ಕರೆಯಬಹುದು. ಇವುಗಳ ಭೇದ ನಿಚ್ಚಳವಾಗಿ ಕಾಣುವುದು ‘ಒಂದು’ ಎಂಬ ಅಂಕಿಯ ವಿಷಯದಲ್ಲಿ. ಹಳೆಯ ಹಲವು ಟೈಪ್‌ರೈಟರುಗಳಲ್ಲಿ ಆ ಅಂಕಿಗೆ ಪ್ರತ್ಯೇಕ ಕೀಲಿಯಿರಲಿಲ್ಲ. ಇಂಗ್ಲಿಷಿನ ಸಣ್ಣ ‘ಎಲ್’ ಅಕ್ಷರವನ್ನೇ ಒತ್ತಿ ಒಂದೆಂದು ನಂಬುವುದು ಸಂಪ್ರದಾಯ. ಈ ನಂಬಿಕೆಯಲ್ಲಿ ಪಳಗಿದ ಲೋಹಪಂಥಿ ಎಕ್ಸೆಲ್ ಹಾಳೆಯ ಕೋಶಗಳಲ್ಲಿ 11, 111 ಎಂದು ನಿಷ್ಠೆಯಿಂದ ಎಲ್‌ಗಳನ್ನು ತುಂಬಿ ಮೊತ್ತ ಕೇಳಿದರೆ, ಅಕ್ಷರವನ್ನು ಅಂಕಿಯೆಂದು ಒಪ್ಪದ ಯಂತ್ರ ಸೊನ್ನೆ ಎಂದು ಉತ್ತರಿಸುತ್ತದೆ. ಕಣ್ಣಿಗೆ ಒಂದು, ಕೂಡಿದರೆ ಶೂನ್ಯ: ಅದ್ವೈತಿಗಳೂ ಶೂನ್ಯವಾದಿಗಳೂ ಶತಮಾನಗಳ ಕಾಲ ಕಾದಾಡಿದ ವಿಷಯ ಇಷ್ಟು ಸಣ್ಣ ಕೋಶದಲ್ಲಿ ಅಡಗಿದ್ದೀತೆಂದು ಯಾರೂ ಶಂಕಿಸಿರಲಾರರು. ಪರದೆಪಂಥದ ಕಷ್ಟ ಬೇರೆ ಬಗೆಯದು; ಈ ಶತಮಾನದ ಮೊದಲ ದಶಕದ ರಾಜ್ಯ ಪಠ್ಯಪುಸ್ತಕ ಕಲಿಸಿದ್ದು ಸ್ಟಾರ್‌ಆಫೀಸ್ ಎಂಬ ತಂತ್ರಾಂಶ, ಕೆಲಸ ಕೊಡುವವರು ಕೇಳಿದ್ದು ಎಕ್ಸೆಲ್.

ಭಾಷೆಯ ಪ್ರಕರಣ ಇನ್ನೂ ಗಹನ. ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆಗಳ ಮಗು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, 2006ರ ತಮಿಳು ಕಲಿಕೆ ಕಾಯಿದೆಯ ದೆಸೆಯಿಂದ ಒಂದನೆಯ ತರಗತಿಯಿಂದಲೇ ತಮಿಳನ್ನು ಕಲಿತು, ‘ಥರ್ಡ್ ಗ್ರೂಪ್’ ಎಂದು ಕರೆಯಲಾಗುವ ವಾಣಿಜ್ಯ ವಿಭಾಗಕ್ಕೆ ಬರುವ ಹೊತ್ತಿಗೆ ಅದಕ್ಕೆ ದ್ವಿನಮೂದು ಪದ್ಧತಿಯ ಬೋಧೆಯಾಗುತ್ತದೆ. ದ್ವಿನಮೂದು ಎಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವುದು; ಇಟಲಿಯ ಸನ್ಯಾಸಿ ಲೂಕಾ ಪಚೋಲಿ 1494ರಲ್ಲಿ ಇದನ್ನು ಅಚ್ಚು ಹಾಕಿಸಿದ. ಸನ್ಯಾಸಿಗೆ ಲೆಕ್ಕಪತ್ರದ ಗೊಡವೆ ಏಕೆ ಎಂಬ ಶಂಕೆಗೆ ತಮಿಳು ಪರಿಭಾಷೆಯೇ ಸಮಾಧಾನ ಹೇಳುತ್ತದೆ. ಕನ್ನಡದಲ್ಲಿ ಖರ್ಚು, ಜಮೆ ಎನ್ನುವ ಎರಡು ಬದಿಗಳಿಗೆ ತಮಿಳಿನಲ್ಲಿ ‘ಪಟ್ರು’ ಮತ್ತು ‘ವರವು’ ಎಂದು ಹೆಸರು. ಪಟ್ರು ಎಂದರೆ ಅಂಟಿಕೊಳ್ಳುವುದು, ಮೋಹ. ಸನ್ಯಾಸಿ ಅದನ್ನು ಎಡಗಡೆ ಇಟ್ಟು ದೂರ ಮಾಡಿದ್ದು ಸಹಜ. ‘ವರವು’ ಎಂದರೆ ಬಂದದ್ದು, ಆದರೆ ಕನ್ನಡದ ಕಿವಿಗೆ ಅದು ದೇವರು ಕೊಟ್ಟ ವರ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವ ನಿಯಮವನ್ನು ಬಲ್ಲ ಚುರುಕು ವಿದ್ಯಾರ್ಥಿ ಅದನ್ನು ‘ಬರವು’ ಎಂದು ತಿದ್ದಿಕೊಳ್ಳುತ್ತಾನೆ, ಅವಸರದಲ್ಲಿ ಕೊನೆಯ ಅಕ್ಷರ ಬಿಟ್ಟುಹೋಗಿ ‘ಬರ’ ಎಂದಾಗುತ್ತದೆ. ಆದಾಯದ ಕಡೆ ಬರವೆಂದು ಬರೆದುಕೊಂಡ ಇಂಥ ಲೆಕ್ಕಗಳು ಎಷ್ಟೋ ಮನೆಗಳ ನಿಜಸ್ಥಿತಿಗೆ ಹತ್ತಿರವಾಗಿರುವುದನ್ನು ಗಮನಿಸಿದರೆ ಅದನ್ನು ತಪ್ಪೆಂದು ಅಂಕ ಕಳೆಯುವುದು ಕಠೋರವಾದೀತು.

ಉತ್ತರಕಾಂಡವಾದ ಟ್ಯಾಲಿ ತಂತ್ರಾಂಶದ ಬಗ್ಗೆ ಎರಡು ಮಾತು. ಟ್ಯಾಲಿ ಬೆಂಗಳೂರಿನ ಕೂಸು, 1986ರದು. ಇಂಗ್ಲಿಷಿನ ಆ ಪದಕ್ಕೆ ಲೆಕ್ಕದ ಗೀಟು ಹಾಕುವ ಕಡ್ಡಿ ಎಂಬರ್ಥದ ಲ್ಯಾಟಿನ್ ಶಬ್ದ ಮೂಲವೆಂದು ನಿಘಂಟುಗಳು ಹೇಳಿದರೂ, ಬೆಂಗಳೂರಿನವರು ಎಂದಿನಿಂದಲೂ ಲೆಕ್ಕವನ್ನು ‘ತಾಳೆ’ ನೋಡುತ್ತ ಬಂದಿರುವಾಗ ಲ್ಯಾಟಿನ್ನಿಗೆ ಓಡುವ ಜರೂರಿರಲಿಲ್ಲ ಎಂಬುದು ಈ ಪ್ರಬಂಧದ ಪಕ್ಷ. ಎಫ್4ರಿಂದ ಎಫ್9ರವರೆಗಿನ ಕೀಲಿಗಳಲ್ಲಿ ಜಗತ್ತಿನ ಸಮಸ್ತ ವ್ಯವಹಾರಗಳೂ ಅಡಕವಾಗಿವೆ: ಐದು ಒತ್ತಿದರೆ ಕೊಟ್ಟದ್ದು, ಆರಕ್ಕೆ ಬಂದದ್ದು, ಎಂಟಕ್ಕೆ ಮಾರಿದ್ದು, ಒಂಬತ್ತಕ್ಕೆ ಕೊಂಡದ್ದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ಇದರೊಳಗೆ ಭೂಗೋಳವೂ ಸೇರಿತು. ಹೊಸೂರಿನ ಗುಲಾಬಿಯನ್ನು ಸುಮಾರು 50 ಕಿಲೋಮೀಟರ್ ದೂರದ ಕೃಷ್ಣಗಿರಿಗೆ ಮಾರುವ ವ್ಯಾಪಾರಿಗೆ ಅದು ರಾಜ್ಯದೊಳಗಿನ ವ್ಯವಹಾರ. ಗಡಿಯ ಜೂಜುವಾಡಿಯಲ್ಲಿ ಅಂಗಡಿಯಿಟ್ಟು ಕೈಚಾಚುವಷ್ಟು ಹತ್ತಿರದ ಅತ್ತಿಬೆಲೆಗೆ ಸರಕು ಕಳಿಸಿದರೆ ಅದು ಅಂತರರಾಜ್ಯ ವಾಣಿಜ್ಯ, ಬೇರೆಯೇ ತೆರಿಗೆ. ದೂರವೆಂಬುದು ಮಾಯೆ ಎಂದು ವೇದಾಂತಿಗಳು ಬಾಯಲ್ಲಿ ಹೇಳುತ್ತಿದ್ದದ್ದನ್ನು ತೆರಿಗೆ ಇಲಾಖೆ ಬಿಲ್ಲಿನಲ್ಲಿ ಮುದ್ರಿಸಿತು.

ಹೀಗೆ ಲೋಯರ್, ಹೈಯರ್, ಟ್ಯಾಲಿಗಳನ್ನು ಮುಗಿಸಿ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ಗಳಿರುವ ತನ್ನೂರಿನಲ್ಲಿಯೋ ಗಡಿಯಾಚೆಯ ಬೊಮ್ಮಸಂದ್ರದಲ್ಲಿಯೋ ಲೆಕ್ಕ ಬರೆಯಲು ಕೂತ ಪದವೀಧರ, ಮೊದಲ ದಿನವೇ ಗ್ರಾಹಕರ ಪಟ್ಟಿಯನ್ನು ತೆರೆಯುತ್ತಾನೆ. ತಮಿಳು ಬಿಲ್ಲಿನಿಂದ ಬಂದವರು ಓ ಅಕ್ಷರದ ಕೆಳಗೆ, ಇಂಗ್ಲಿಷ್ ಬಿಲ್ಲಿನವರು ಎಚ್ ಅಕ್ಷರದ ಕೆಳಗೆ, ಕನ್ನಡ ಚೀಟಿಯವರು ಹ ಅಕ್ಷರದ ಕೆಳಗೆ. ಒಂದೇ ಊರಿಗೆ ಮೂರು ಲೆಡ್ಜರುಗಳು. ಸಂಜೆ ಆರಕ್ಕೆ ತಾಳೆಪಟ್ಟಿ ತೆಗೆದರೆ ಖರ್ಚು, ಜಮೆ ಎರಡೂ ಪೈಸೆಗೆ ಪೈಸೆ ಸರಿಹೋಗಿರುತ್ತವೆ, ಅವನು ಯಂತ್ರ ಆರಿಸಿ ಬಸ್ಸಿಗೆ ಓಡುತ್ತಾನೆ.