ಗಂಟಿನ ಪರೀಕ್ಷೆ

ಪಾಂಡವಪುರದ ಕಡೆಯ ಹುಡುಗರಿಗೆ ಗಂಟು ಹಾಕೋದು ಕಲಿಸಲು ಹೊರಡುವುದೂ ಒಂದೇ, ಆಲೆಮನೆಯವನಿಗೆ ಬೆಲ್ಲದ ರುಚಿ ಹೇಳುವುದೂ ಒಂದೇ. ಸ್ಕೌಟ್ ಮೇಷ್ಟ್ರು ಹಗ್ಗ ಹಿಡಿದು ‘ಇದು ಕ್ಲೋವ್ ಹಿಚ್, ಕಂಬಕ್ಕೆ ಬಿಗಿಯಲು’ ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ದನಿ ಬರುತ್ತದೆ: ‘ನಮ್ಮ ಎಮ್ಮೆ ಕಟ್ಟೋದೇ ಹಿಂಗೆ ಸಾ!’

ಹುಡುಗನಿಗೆ ಗಂಟು ಬರುತ್ತದೆ, ಹೆಸರು ಬಾರದು. ಪೇಟೆಯಿಂದ ಬಂದ ಪರೀಕ್ಷಕರಿಗೆ ಹೆಸರು ಬಾಯಿಪಾಠ, ಗಂಟು ಮಾತ್ರ ಎರಡನೇ ಸಲಕ್ಕೆ.

1907ರಲ್ಲಿ ಸುಮಾರು 20 ಹುಡುಗರನ್ನು ಬ್ರೌನ್‌ಸೀ ದ್ವೀಪದ ಶಿಬಿರಕ್ಕೆ ಕರೆದೊಯ್ದ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್‌ಗೆ ಎಮ್ಮೆ ಕಟ್ಟುವ ಶಿಷ್ಯರು ಸಿಕ್ಕಿರಲಾರರು. ನಮ್ಮ ದೇಶದಲ್ಲಿ 1950ರ ನವೆಂಬರ್ 7ರಂದು ಹುಟ್ಟಿದ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಪ್ರವೇಶವಾದ ಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ ಹತ್ತಿ, ರಾಜ್ಯ ಪುರಸ್ಕಾರ ದಾಟಿ, ರಾಷ್ಟ್ರಪತಿ ಪುರಸ್ಕಾರಕ್ಕೆ ಏರಬೇಕು. ನಡುವೆ ಅಡುಗೆ, ಪ್ರಥಮ ಚಿಕಿತ್ಸೆ ಎಂದು ದಕ್ಷತಾ ಪದಕಗಳು ಬೇರೆ. ಇದಕ್ಕಿಂತ ಪಾಂಡವಪುರದ ಕುಂತಿಬೆಟ್ಟ ಹತ್ತುವುದೇ ಸಲೀಸು!

ಅಡುಗೆ ಪದಕದ ದಿನ ಪರೀಕ್ಷಕರ ಹೊಟ್ಟೆಯೇ ಅಂಕಪಟ್ಟಿ. ಗಂಟುಗಂಟಾದ ಮುದ್ದೆಯನ್ನು (ಅಲ್ಲೂ ಗಂಟೇ!) ನಗುತ್ತಲೇ ನುಂಗಬೇಕು. ಸ್ಕೌಟ್ ಹಸ್ತಲಾಘವ ಎಡಗೈಯದು. ಮುದ್ದೆ ಮೆತ್ತಿದ ಬಲಗೈಗೆ ಅಷ್ಟರಮಟ್ಟಿಗೆ ರಿಯಾಯಿತಿ.