ಮದರ್‌ಬೋರ್ಡಿನ ಗೋತ್ರ ಯಾವುದು?

ಅಮೆರಿಕದಲ್ಲಿರುವ ಕನ್ನಡದವರ ಮನೆಗಳಲ್ಲಿ ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಬಿಟ್ಟರೆ ಬೇರೆ ಯಾವುದನ್ನೂ ಸುಮ್ಮನೆ ಅಂಗಡಿಗೆ ಹೋಗಿ ಕೊಂಡು ತರುವ ಪದ್ಧತಿ ಇಲ್ಲ. ಮೊದಲು ಎಕ್ಸೆಲ್ ಶೀಟು ತೆರೆಯಬೇಕು. ಕನ್ನಡ ಕೂಟದ ಊಟದ ಸಾಲಿನಲ್ಲಿ ನಾಲ್ಕು ಜನರನ್ನು ವಿಚಾರಿಸಿ ಐದು ಅಭಿಪ್ರಾಯ ಸಂಗ್ರಹಿಸಬೇಕು. ಆಮೇಲೆ ‘ಥ್ಯಾಂಕ್ಸ್‌ಗಿವಿಂಗ್ ಸೇಲ್ ಬರ್ಲಿ, ನೋಡೋಣ’ ಎಂದು ಎಲ್ಲವನ್ನೂ ಮುಂದಕ್ಕೆ ಹಾಕಬೇಕು. ನಮ್ಮ ಮನೆಗೆ ಹಾಸಿಗೆ, ಮಿಕ್ಸಿ, ಮಿನಿವ್ಯಾನು ಬಂದದ್ದೆಲ್ಲ ಹೀಗೆಯೇ. 2025ರ ಬೇಸಿಗೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿನ ಸರದಿ ಬಂತು.

ಆ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರಾಸೆಸರ್ ಆದರೂ ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡೂ ಬೇಕು. ನಮ್ಮದು ಆರನೇ ತಲೆಮಾರಿನದು. ಆನ್ ಮಾಡಿದರೆ ಆನ್ ಆಗುತ್ತದೆ, ಆಫ್ ಮಾಡಿದರೆ ಆಫ್ ಆಗುತ್ತದೆ, ಆದರೂ ಅನರ್ಹ.

“ಚೆನ್ನಾಗೇ ಓಡ್ತಿದೆಯಲ್ಲೋ, ಯಾಕೋ ಬಿಸಾಕ್ತೀರಿ?” ಎಂದು ಶಿವಮೊಗ್ಗದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ತಮ್ಮ ಮಗನನ್ನು ಕೇಳಿದರು. ನಮ್ಮವರು ಟಿಪಿಎಂ ಬಗ್ಗೆ ಕಾಲು ಗಂಟೆ ವಿವರಿಸಿದರು. ಅತ್ತೆ ಪೂರ್ತಿ ಕೇಳಿ, “ಅದು ಸರಿ, ಚೆನ್ನಾಗೇ ಓಡ್ತಿದೆಯಲ್ಲ?” ಎಂದರು.

ನನ್ನ ಬೇಡಿಕೆ ಸಣ್ಣದು. ಅಂಗಡಿಗೆ ಹೋಗಿ ಒಂದು ಡಬ್ಬ ತರುವುದು, ವೈರು ಚುಚ್ಚುವುದು, ಸಂಜೆಯೊಳಗೆ ಟ್ಯಾಕ್ಸಿನ ಕಾಗದ, ಫೋಟೋ, ಮಗನ ಹೋಮ್‌ವರ್ಕು ನಡೆಯುವಂತಾಗುವುದು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಕೊಳ್ಳೋದಾ? ನಾವೇ ಅಸೆಂಬಲ್ ಮಾಡೋಣ ಕಣೇ. ಅರ್ಧ ಗಂಟೆ ಕೆಲಸ.”

ಈ ಆತ್ಮವಿಶ್ವಾಸದ ಮೂಲ ಬೆಂಗಳೂರಿನ ಎಸ್.ಪಿ. ರೋಡು. ತೊಂಬತ್ತರ ದಶಕದ ಕೊನೆಯಲ್ಲಿ ಬ್ರ್ಯಾಂಡೆಡ್ ಕಂಪ್ಯೂಟರ್ ಎನ್ನುವುದು ಬ್ಯಾಂಕಿನವರಿಗೆ, ಆಫೀಸಿನವರಿಗೆ. ಇಂಜಿನಿಯರಿಂಗ್ ಓದುವ ಮಧ್ಯಮ ವರ್ಗದ ಹುಡುಗರಿಗೆ ಎಸ್.ಪಿ. ರೋಡಿನ ‘ಅಸೆಂಬಲ್ಡ್ ಸಿಸ್ಟಮ್’. 32 ಎಂಬಿ ರ್‍ಯಾಮ್, 4 ಜಿಬಿ ಹಾರ್ಡ್ ಡಿಸ್ಕ್, ಇಬ್ಬರು ಹಿಡಿದು ಎತ್ತಬೇಕಾದ ಮಾನಿಟರು. ಈ ಕತೆಯನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಕೇಳಿ ಕೇಳಿ ಅದರ ಒಳವಿವರಗಳೂ ಹೊರಬಿದ್ದಿವೆ. ನೆಲದ ಮೇಲೆ ಹಾಸಿದ ಪೇಪರಿನ ಮೇಲೆ ಮಂಡಿಯೂರಿ, ಎರಡು ಸ್ಕ್ರೂ ತುಟಿಯಲ್ಲಿ ಕಚ್ಚಿಕೊಂಡು, ಕ್ಯಾಬಿನೆಟ್ಟನ್ನು ಮೊಣಕಾಲಿಗೆ ಒತ್ತಿ ಹಿಡಿದು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಜೋಡಿಸಿದವನು ಅಂಗಡಿಯ ಹುಡುಗ. ನಮ್ಮವರು ಆ ಹೊತ್ತಿನಲ್ಲಿ ಎದುರುಗಡೆ ಕಬ್ಬಿನ ಹಾಲು ಕುಡಿಯುತ್ತಿದ್ದರು.

ನಾನಿದನ್ನು ನೆನಪಿಸಿದ ಕೂಡಲೇ ಅವರು ಇತಿಹಾಸಕ್ಕೆ ಹೋದರು. ನಾವಿರುವುದು ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿ. ಇಲ್ಲಿಂದ ಒಂದು ಗಂಟೆ ಕಾರು ಓಡಿಸಿದರೆ ಕೇಂಬ್ರಿಜ್‌ನ ಹಾರ್ವರ್ಡ್ ಸ್ಕ್ವೇರ್. ಅಲ್ಲಿನ ಪತ್ರಿಕೆ ಮಳಿಗೆಯಲ್ಲಿ ಪಾಲ್ ಆ್ಯಲನ್ ಕಣ್ಣಿಗೆ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ನ 1975ರ ಜನವರಿ ಸಂಚಿಕೆ ಬಿತ್ತು. ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಕಂಪ್ಯೂಟರು. ಅದನ್ನು ಮಾರುತ್ತಿದ್ದವರು ಆಗಲೇ ಎರಡು ಬೆಲೆ ಇಟ್ಟಿದ್ದರು: ಬಿಡಿಭಾಗಗಳ ಕಿಟ್ ಆದರೆ 439 ಡಾಲರ್, ಜೋಡಿಸಿ ಕೊಟ್ಟರೆ 621. “ನೋಡು, ಆವತ್ತೇ 182 ಡಾಲರ್ ಉಳಿತಾಯ!” ಎಂದರು ನಮ್ಮವರು. “ಆ್ಯಲನ್ ಆ ಪತ್ರಿಕೆ ಎತ್ತಿಕೊಂಡು ಬಿಲ್ ಗೇಟ್ಸ್ ಹತ್ರ ಓಡಿದ. ಆಮೇಲೇನಾಯ್ತು ಗೊತ್ತಲ್ಲ?”

ಗೊತ್ತಿತ್ತು. ಆ ಇಬ್ಬರ ಕೈಯಲ್ಲಿ ಆಲ್ಟೇರ್ ಇರಲೇ ಇಲ್ಲ. ಹಾರ್ವರ್ಡಿನಲ್ಲಿದ್ದ ಪಿಡಿಪಿ-10 ಯಂತ್ರದಲ್ಲೇ ಆಲ್ಟೇರಿನ ನಕಲನ್ನು ಸೃಷ್ಟಿಸಿಕೊಂಡು ಅದಕ್ಕೆ ಬೇಸಿಕ್ ಭಾಷೆ ಬರೆದರು.

“ಅಂದ್ರೆ ಅವರು ಕೊಳ್ಳಲೂ ಇಲ್ಲ, ಕಟ್ಟಲೂ ಇಲ್ಲ. ಇದ್ದಿದ್ರಲ್ಲೇ ಕೆಲಸ ಮುಗಿಸಿದ್ರು ಅಂತಾಯ್ತು” ಎಂದೆ.

“ಅದನ್ನೇ ನಾನೂ ಹೇಳ್ತಿರೋದು” ಎಂದರು ಅತ್ತೆ.

ಶೀಟು ತೆರೆಯಿತು. ಎಡಗಡೆ ‘ಕೊಳ್ಳುವುದು’, ಬಲಗಡೆ ‘ಕಟ್ಟುವುದು’. ಬಲಗಡೆಯ ಉಸ್ತುವಾರಿ ಒಂಬತ್ತನೇ ತರಗತಿಯ ಮಗನದು. ಮರುದಿನ ಬೆಳಿಗ್ಗೆ ನೋಡಿದರೆ ಅದರಲ್ಲಿ 549 ಡಾಲರಿನ ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡು ಕೂತಿತ್ತು. ಯಾಕಪ್ಪಾ ಎಂದರೆ ಜಾಮೆಟ್ರಿ ಹೋಮ್‌ವರ್ಕಿಗಂತೆ. ತ್ರಿಕೋನಗಳು ಸ್ಪಷ್ಟವಾಗಿ ಕಾಣಬೇಕಂತೆ.

ಮಾವ ಕೆಇಬಿಯಲ್ಲಿ ದುಡಿದು ನಿವೃತ್ತರಾದವರು. ಅವರ ಕಣ್ಣು ಬೆಲೆಯ ಮೇಲಲ್ಲ, ವಾಟಿನ ಮೇಲೆ ಬಿತ್ತು. ಕಾರ್ಡೊಂದೇ 250 ವಾಟ್ ಎಳೆಯುತ್ತದೆ, 650 ವಾಟಿನ ಪವರ್ ಸಪ್ಲೈ ಇರಲಿ ಎಂದು ತಯಾರಕರೇ ಹೇಳುತ್ತಾರೆ ಎಂದು ಮೊಮ್ಮಗ ಓದಿ ಹೇಳಿದ. ಮಾವ ಮನಸ್ಸಿನಲ್ಲೇ ಭಾಗಿಸಿದರು. “ಇನ್ನೂರೈವತ್ತು ವಾಟ್ ಅಂದ್ರೆ ಮೂರನೇ ಒಂದು ಎಚ್.ಪಿ. ಆಯ್ತು. ಮೋಟರ್ ಆಗಿದ್ರೆ ಓವರ್‌ಹೆಡ್ ಟ್ಯಾಂಕಿಗೆ ನೀರಾದ್ರೂ ಏರಿಸ್ತಿತ್ತು. ಅರ್ತಿಂಗ್ ಸರಿಯಾಗಿದೆಯೇನೋ ಈ ಮನೇಲಿ?”

ಬಲಗಡೆಯ ಸಾಲಿಗೆ ಇನ್ನೊಂದು ಕಷ್ಟವಿತ್ತು. ಎಲ್ಲ ಪ್ರಾಸೆಸರೂ ಎಲ್ಲ ಮದರ್‌ಬೋರ್ಡಿಗೂ ಕೂರುವುದಿಲ್ಲ. ಎಎಂಡಿಯವರ ಎಎಂ5 ಸಾಕೆಟ್ಟಿನದು ಎಎಂ4 ಬೋರ್ಡಿಗೆ ಆಗದು. ಇಂಟೆಲ್‌ನದಂತೂ ಎರಡಕ್ಕೂ ಆಗದು. ರ್‍ಯಾಮಿನಲ್ಲೂ ಡಿಡಿಆರ್4 ಬೇರೆ, ಡಿಡಿಆರ್5 ಬೇರೆ. ಮಗ ಇದನ್ನೆಲ್ಲ ವಿವರಿಸುತ್ತಿದ್ದಾಗ ಅತ್ತೆ ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಿ ಗಮನವಿಟ್ಟು ಕೇಳಿದರು. ಕೊನೆಗೂ ಅವರಿಗೆ ಗೊತ್ತಿರುವ ವಿಷಯ ಬಂದಿತ್ತು.

“ಅಂದ್ರೆ ಗೋತ್ರ ಇದ್ದ ಹಾಗಾ ಮರಿ?”

“ಹೂಂ ಅಜ್ಜಿ, ಆದ್ರೆ ಉಲ್ಟಾ. ಇಲ್ಲಿ ಒಂದೇ ಗೋತ್ರ ಇದ್ರೆ ಮಾತ್ರ ಮದ್ವೆ.”

“ಶಿವ ಶಿವ! ಅದಕ್ಕೇ ಬೇಗ ಕೆಡೋದು” ಎಂದು ಅತ್ತೆ ಹುರುಳಿಕಾಯಿಗೆ ಮರಳಿದರು.

ನಂತರ ತೆರಿಗೆಯ ಅಧ್ಯಾಯ. ಮ್ಯಾಸಚೂಸೆಟ್ಸ್‌ನಲ್ಲಿ ಮಾರಾಟ ತೆರಿಗೆ ಶೇಕಡ 6.25. 1,500 ಡಾಲರಿನ ಮಾಲಿಗೆ 93 ಡಾಲರ್ 75 ಸೆಂಟ್. ಪಕ್ಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಗಡಿ ದಾಟಿದರೆ ನಾಶುವಾ ಊರು, ರಸ್ತೆಯುದ್ದಕ್ಕೂ ಅಂಗಡಿ. ಟೀವಿ, ಫ್ರಿಜ್ಜು ಕೊಳ್ಳಲು ನಮ್ಮವರೆಲ್ಲ ಅಲ್ಲಿಗೆ ತೀರ್ಥಯಾತ್ರೆ ಹೊರಡುವುದುಂಟು. ಹೋದಮೇಲೆ ಉಳಿದ ತೆರಿಗೆಯ ಸಂಭ್ರಮಕ್ಕೆ ಐದು ಜನ ಹೋಟೆಲಿನಲ್ಲಿ ಉಂಡು, ಉಳಿದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟು ಬರುವುದೂ ಉಂಟು.

ಶೀಟಿನ ನಾಶುವಾ ಕಾಲಮ್ಮನ್ನು ಅಳಿಸಿಹಾಕಿದವರು ಮಾವ. ಹೊರ ರಾಜ್ಯದಿಂದ ತಂದು ಇಲ್ಲಿ ಬಳಸುವ ವಸ್ತುವಿಗೆ ಬಳಕೆಯ ತೆರಿಗೆ ಎಂದಿದೆ. ಆದಾಯ ತೆರಿಗೆಯ ಫಾರಮ್ಮಿನಲ್ಲೇ ಅದಕ್ಕೊಂದು ಸಾಲು ಇದೆ. ಅದನ್ನು ಅವರು ಎಲ್ಲಿ ಓದಿದರೋ, ಬೆರಳಿಟ್ಟು ತೋರಿಸಿದರು. “ಸರ್ಕಾರದ ಬಾಕಿ ಇಟ್ಕೊಂಡು ಮನೇಲಿ ಕಂಪ್ಯೂಟರ್ ಇಡಬಾರ್ದಪ್ಪ.” ನಮ್ಮವರು ಬಾಯಿ ತೆರೆದರು, ಅಪ್ಪನ ಮುಖ ನೋಡಿದರು, ಮುಚ್ಚಿದರು.

ಹಾಗಾದರೆ ಆಗಸ್ಟಿನ ತೆರಿಗೆ ರಜೆ! ವರ್ಷಕ್ಕೊಂದು ವಾರಾಂತ್ಯ ಇಲ್ಲಿನ ಸರ್ಕಾರವೇ ತೆರಿಗೆ ಬಿಡುತ್ತದೆ. ಒಂದು ವಸ್ತು 2,500 ಡಾಲರಿನ ಒಳಗಿದ್ದರೆ ಸಾಕು. ಆ ಸಲ ಅದು ಆಗಸ್ಟ್ 9 ಮತ್ತು 10. ಕೊಂಡರೂ ತೆರಿಗೆಯಿಲ್ಲ, ಕಟ್ಟಿದರೂ ತೆರಿಗೆಯಿಲ್ಲ, ಮಾವನಿಗೂ ಪಾಪವಿಲ್ಲ. ಕೇಂಬ್ರಿಜ್‌ನ ಮೈಕ್ರೊ ಸೆಂಟರಿನಲ್ಲಿ ಪ್ರಾಸೆಸರ್, ಮದರ್‌ಬೋರ್ಡ್, ರ್‍ಯಾಮ್ ಮೂರನ್ನೂ ಒಟ್ಟಿಗೆ ಕಡಿಮೆ ಬೆಲೆಗೆ ಕೊಡುತ್ತಾರೆ ಎಂದು ಮಗ ನೆಗೆದಾಡಿದ. ಶನಿವಾರ ಹೊರಡಬೇಕಿತ್ತು. ಶುಕ್ರವಾರ ರಾತ್ರಿ ನಮ್ಮ ಕನ್ನಡ ಕೂಟದ ಹಾಸನದವರೊಬ್ಬರು ಫೋನ್ ಮಾಡಿ, “ಈಗ್ಯಾಕ್ರೀ ತಗೋತೀರಿ? ಬ್ಲ್ಯಾಕ್ ಫ್ರೈಡೇಗೆ ಇನ್ನೂ ಇಳಿಯುತ್ತೆ” ಎಂದುಬಿಟ್ಟರು. ಶನಿವಾರ ನಾವು ಆ್ಯಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನಕ್ಕೆ ಹೋಗಿ ಪುಳಿಯೋಗರೆ ತಿಂದು ಬಂದೆವು.

ಇಷ್ಟರಲ್ಲಿ ನಾನು ವಾರಂಟಿಯ ಪ್ರಶ್ನೆ ಎತ್ತಿದೆ. ನಮ್ಮವರ ಮುಖ ಅರಳಿತು. ಪವರ್ ಸಪ್ಲೈ ಒಳ್ಳೆಯದಾದರೆ 10 ವರ್ಷ, ಎಸ್‌ಎಸ್‌ಡಿ 5 ವರ್ಷ, ಮದರ್‌ಬೋರ್ಡ್ 3 ವರ್ಷ, ರ್‍ಯಾಮಿಗಂತೂ ಜೀವನಪರ್ಯಂತ! ಕೊಂಡು ತಂದದ್ದಕ್ಕೆ ಸಾಮಾನ್ಯವಾಗಿ ಎಲ್ಲ ಸೇರಿ ಒಂದೇ ವರ್ಷ.

“ಅದು ಬಿಡಿಬಿಡಿಯಾಗಿ. ಪೂರ್ತಿ ಕಂಪ್ಯೂಟರಿಗೆ ಯಾರ ವಾರಂಟಿ ರೀ?”

“ನಂದು.”

“ಬಟನ್ ಒತ್ತಿದ್ರೆ ಆನ್ ಆಗ್ಲಿಲ್ಲ ಅಂದ್ರೆ, ಯಾವ ಪಾರ್ಟು ಕೆಟ್ಟಿದೆ ಅಂತ ಹುಡುಕೋರು ಯಾರು?”

“ನಾನೇ. ವೀಕೆಂಡಲ್ಲಿ ನೋಡ್ತೀನಿ.”

ನಮ್ಮ ಗ್ಯಾರೇಜಿನಲ್ಲಿ ಆ ವೀಕೆಂಡಿಗಾಗಿ ಕಾದಿರುವ ವಸ್ತುಗಳಿವೆ. ಕೊಯಮತ್ತೂರಿನಿಂದ ಬಂದ ವೆಟ್ ಗ್ರೈಂಡರು, ಅದರ ಟ್ರಾನ್ಸ್‌ಫಾರ್ಮರು, ಒಂದು ಪೆಡಲಿಲ್ಲದ ಸೈಕಲ್ಲು, ಎಲೆ ಊದುವ ಯಂತ್ರ. ಅವುಗಳ ಸಾಲಿನಲ್ಲಿ ನನ್ನ ಟ್ಯಾಕ್ಸಿನ ಕಾಗದಗಳು ನಿಲ್ಲುವುದು ನನಗೆ ಇಷ್ಟವಿರಲಿಲ್ಲ. ಕಂಪನಿಯದಾದರೆ ಫೋನ್ ಮಾಡಿ ಜೋರು ಮಾಡಬಹುದು. ಮನೆಯೊಳಗಿನ ಕಸ್ಟಮರ್ ಕೇರನ್ನು ಜೋರು ಮಾಡಿದರೆ ರಾತ್ರಿ ಪಾತ್ರೆ ತೊಳೆಯುವವರು ಯಾರು?

ಅಕ್ಟೋಬರ್ 14 ಬಂತು. ಅದಕ್ಕೆ ಮೊದಲೇ ಒಂದು ಸುದ್ದಿ ಬಂದಿತ್ತು: ಹಳೇ ವಿಂಡೋಸ್ ಇಟ್ಟುಕೊಂಡವರಿಗೂ ಮುಂದಿನ ವರ್ಷದ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟು ಸಿಗುತ್ತದೆ. 30 ಡಾಲರ್ ಕಟ್ಟಬಹುದು, ಇಲ್ಲವೇ ವಿಂಡೋಸ್ ಕಂಪನಿಯ ಖಾತೆಯಲ್ಲಿ ಸೆಟ್ಟಿಂಗುಗಳನ್ನು ಉಳಿಸಿಟ್ಟರೆ ಪುಕ್ಕಟೆ. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮವರು ಎರಡು ಕ್ಲಿಕ್ಕಿನಲ್ಲಿ ಕೆಲಸ ಮುಗಿಸಿದರು. ಇಡೀ ಪ್ರಕರಣದಲ್ಲಿ ತಡವಿಲ್ಲದೆ ಆದ ತೀರ್ಮಾನ ಅದೊಂದೇ. ನವೆಂಬರಿನಲ್ಲಿ ಅತ್ತೆ ಮಾವ ಶಿವಮೊಗ್ಗಕ್ಕೆ ಹೊರಟಾಗ ಶೀಟಿನಲ್ಲಿ ಹದಿನಾಲ್ಕು ಕಾಲಮ್ಮುಗಳಿದ್ದವು.

ಬ್ಲ್ಯಾಕ್ ಫ್ರೈಡೇ ಬಂತು. ಬೆಲೆ ಇಳಿಯಲಿಲ್ಲ, ಏರಿತು. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನು ರಾಶಿ ರಾಶಿಯಾಗಿ ಬಾಚಿಕೊಳ್ಳುತ್ತಿದ್ದವು. ಜಗತ್ತಿಗೆ ರ್‍ಯಾಮ್ ಮಾಡಿಕೊಡುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ಲಾಭ ಹೆಚ್ಚಿರುವ ಆ ಕಡೆಗೇ ವಾಲಿದ್ದರು. ಬೇಸಿಗೆಯಲ್ಲಿ ನೂರು ಡಾಲರಿನ ಆಸುಪಾಸಿನಲ್ಲಿದ್ದ 32 ಜಿಬಿ ರ್‍ಯಾಮಿನ ಜೋಡಿ ಡಿಸೆಂಬರಿನ ಹೊತ್ತಿಗೆ ಮುನ್ನೂರು ದಾಟಿತು. ಆ ತಿಂಗಳು ಮೈಕ್ರಾನ್‌ನವರು, ನಮ್ಮಂಥ ಮನೆಯವರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿದರು. ಹಾಸನದವರು ಕೂಟದ ಸಮಾರಂಭದಲ್ಲಿ ನಮ್ಮನ್ನು ಕಂಡು ಬಿಸಿಬೇಳೆಬಾತಿನ ಸಾಲು ಬಿಟ್ಟು ಮೊಸರನ್ನದ ಸಾಲಿಗೆ ಹೋದರು.

ಮಗ ಮತ್ತೆ ಲೆಕ್ಕ ಹಾಕಿದ. ವಿಚಿತ್ರವೆಂದರೆ, ಅಂಗಡಿಗಳಲ್ಲಿ ಮೊದಲೇ ಜೋಡಿಸಿಟ್ಟಿದ್ದ ಕೆಲವು ಕಂಪ್ಯೂಟರುಗಳ ಬೆಲೆ ಇನ್ನೂ ಏರಿರಲಿಲ್ಲ. ಅದೇ ರ್‍ಯಾಮ್, ಅದೇ ಕಾರ್ಡು ಬಿಡಿಯಾಗಿ ತಂದರೆ ಜಾಸ್ತಿ, ಪೂರ್ತಿ ತಂದರೆ ಕಡಿಮೆ. ಎಡಗಡೆಯ ಸಾಲು ಗೆದ್ದಿತ್ತು. ಶಿವಮೊಗ್ಗದಿಂದ ವಿಡಿಯೋದಲ್ಲಿ ಮಾವ, “ಇನ್ನು ಮೀನಮೇಷ ಎಣಿಸಬೇಡ, ತಗೊಂಡುಬಿಡು” ಎಂದರು. ಪೂರ್ತಿ 6.25 ತೆರಿಗೆ ತೆತ್ತು ತಂದೆವು.

ಡಬ್ಬ ಮನೆಗೆ ಬಂದ ಸಂಜೆ ಅಡುಗೆಮನೆಯಿಂದ ಬಂದು ನೋಡುತ್ತೇನೆ: ಅಪ್ಪ ಮಗ ಇಬ್ಬರೂ ನೆಲದ ಮೇಲೆ. ಪಕ್ಕದ ಗಾಜಿನ ಹಲಗೆ ಬಿಚ್ಚಿ ಸೋಫಾಕ್ಕೆ ಒರಗಿಸಿದ್ದಾರೆ. ನಾಲ್ಕು ಸ್ಕ್ರೂ ಉಪ್ಪಿನಕಾಯಿಯ ಬಟ್ಟಲಲ್ಲಿವೆ. ನಮ್ಮವರು ಮೊಬೈಲಿನ ಟಾರ್ಚು ಹಾಕಿ ಒಳಗೆ ಇಣುಕುತ್ತಿದ್ದರು. ರ್‍ಯಾಮಿನ ನಾಲ್ಕು ಸ್ಲಾಟುಗಳಲ್ಲಿ ಎರಡು ಖಾಲಿ ಇದ್ದವು. “ಇಲ್ಲಿ ಇನ್ನೂ ಎರಡು ಹಾಕ್ಬಹುದು ಕಣೋ” ಎಂದು ಮಗನಿಗೆ ಹೇಳುವಾಗ ಅವರ ಧ್ವನಿಯಲ್ಲಿ ಮೂವತ್ತು ವರ್ಷ ಕಡಿಮೆಯಾಗಿತ್ತು.

ಜನವರಿಯಲ್ಲಿ ಕೂಟದ ಸಂಕ್ರಾಂತಿ. ಆಗತಾನೇ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಎಳ್ಳುಬೆಲ್ಲದ ಪೊಟ್ಟಣ ಕೈಯಲ್ಲಿ ಹಿಡಿದು, “ಸರ್, ಒಂದು ಡೆಸ್ಕ್‌ಟಾಪ್ ತಗೋಬೇಕು, ಎಲ್ಲಿ ಒಳ್ಳೇದು?” ಎಂದು ನಮ್ಮವರನ್ನು ಕೇಳಿದ. “ತಗೊಳ್ಳೋದಾ? ನೀವೇ ಅಸೆಂಬಲ್ ಮಾಡಿ!” ಎಂದು ಇವರು ಕುರ್ಚಿ ಎಳೆದುಕೊಂಡರು. ಆಲ್ಟೇರಿನಿಂದ ಶುರುವಾಯಿತು.

ಆ ಹುಡುಗನ ಹೆಂಡತಿ ಗಾಬರಿಯಿಂದ ನನ್ನ ಕಡೆ ನೋಡಿದಳು. “ಈಗಿರೋದು ಓಡ್ತಿದೆಯೇನಮ್ಮ?” ಎಂದು ಕೇಳಿದೆ.

“ಚೆನ್ನಾಗೇ ಓಡ್ತಿದೆ ಆಂಟಿ.”

“ಹಾಗಾದ್ರೆ ತಡೀಬೇಡ, ಮಾತಾಡ್ಕೊಳ್ಲಿ. ಇವರು ತೀರ್ಮಾನಕ್ಕೆ ಬರೋವರ್ಗೂ ದುಡ್ಡು ಬ್ಯಾಂಕಲ್ಲೇ ಇರುತ್ತೆ.”